ಪಿಟ್ ಬುಲ್ ಪ್ರೀತಿಸುತ್ತದೆ, ನಿಜ. ಮನೆಗೆ ತರಬಹುದಾ?

ಪಿಟ್ ಬುಲ್ ಪ್ರೀತಿಯ ನಾಯಿಯಾ ಅಂತ ಯಾರಾದರೂ ಕೇಳಿದರೆ ತಡಮಾಡದೆ ಹೌದು ಅನ್ನುತ್ತೇನೆ. ಮನೆಯವರಿಗೆ ಸೇಫಾ ಅಂತ ಕೇಳಿದರೆ ಮಾತ್ರ ನಾನೇ ತಿರುಗಿ ಪ್ರಶ್ನೆ ಹಾಕುತ್ತೇನೆ. ಮನೆಯಲ್ಲಿ ಯಾರ್ಯಾರು ಇದ್ದೀರಿ? ಹಗಲು ಹೊತ್ತು ನಾಯಿಯ ಜೊತೆ ಯಾರಿರುತ್ತಾರೆ? ಮಗು ಇದ್ದರೆ ವಯಸ್ಸೆಷ್ಟು? ಈಗಾಗಲೇ ಬೇರೆ ನಾಯಿಯೋ ಬೆಕ್ಕೋ ಇದೆಯಾ? ಗೇಟಿನ ಚಿಲಕ ಸರಿಯಾಗಿ ಬೀಳುತ್ತದಾ? ಕೇಳಿದವರಿಗೆ ಇದು ಜಾರಿಕೊಳ್ಳುವ ಉತ್ತರ ಅನ್ನಿಸಬಹುದು. ಆದರೆ ಇಂಥದ್ದೊಂದು ನಾಯಿಯ ಜೊತೆ ವರ್ಷಗಟ್ಟಲೆ ಇದ್ದ ಮೇಲೆ ನನಗೆ ಅನ್ನಿಸಿರುವುದು ಇಷ್ಟೇ: ಪ್ರೀತಿ ಬೇರೆ, ಸುರಕ್ಷತೆ ಬೇರೆ. ಪ್ರೀತಿಯನ್ನು ನಾಯಿ ತಾನಾಗಿಯೇ ತರುತ್ತದೆ. ಸುರಕ್ಷತೆಯನ್ನು ಮನೆಯವರು ದಿನಾ ನೋಡಿಕೊಳ್ಳಬೇಕು.

ನಮ್ಮ ಚಿನ್ನಿ ಮೊದಲು ಬೇರೆಯವರ ಮನೆಯಲ್ಲಿದ್ದವಳು. ಅವರು ಬಿಟ್ಟುಕೊಟ್ಟ ಮೇಲೆ, ಪೂರ್ತಿ ಬೆಳೆದ ನಾಯಿಯಾಗಿಯೇ ನಮ್ಮಲ್ಲಿಗೆ ಬಂದಳು. ಅವಳಿಗೆ ಜನ ಅಂದರೆ ಪ್ರಾಣ. ಯಾರೇ ಬಂದು ಕೂತರೂ ಹತ್ತಿರ ಹೋಗಿ, ಬೆನ್ನು ತಿರುಗಿಸಿ, ಅವರ ಪಾದದ ಮೇಲೇ ಕೂತುಬಿಡುತ್ತಾಳೆ. ಆಮೇಲೆ ಮೈಯ ಭಾರವನ್ನೆಲ್ಲ ಅವರ ಮೊಣಕಾಲಿಗೆ ಒರಗಿಸಿ, ತಲೆ ಹಿಂದಕ್ಕೆ ಚೆಲ್ಲಿ ಮುಖ ನೋಡುತ್ತಾಳೆ. ರಾತ್ರಿ ಹೊದಿಕೆಯೊಳಗೆ ತೂರಿಕೊಂಡು ನಮ್ಮ ಕಾಲಿಗೆ ಬೆನ್ನು ಆನಿಸಿ ಗೊರಕೆ ಹೊಡೆಯುತ್ತಾಳೆ. ವೆಟ್ ಇಂಜೆಕ್ಷನ್ ಚುಚ್ಚುವಾಗಲೂ ಬಾಲ ಅಲ್ಲಾಡುತ್ತಲೇ ಇರುತ್ತದೆ. ಪಿಟ್ ಬುಲ್ ಸಾಕಿದವರನ್ನು ಕೇಳಿ ನೋಡಿ, ಹೆಚ್ಚುಕಮ್ಮಿ ಎಲ್ಲರೂ ಇದನ್ನೇ ಹೇಳುತ್ತಾರೆ, ಹೇಳುವಾಗ ಮುಖ ಅರಳುತ್ತದೆ.

ಅದೇ ಚಿನ್ನಿ ರಸ್ತೆಯ ಆ ತುದಿಯಲ್ಲಿ ಇನ್ನೊಂದು ನಾಯಿ ಕಂಡರೆ ಬೇರೆಯೇ ಆಗುತ್ತಾಳೆ. ಬೊಗಳುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಮೊದಲು ಬಾಯಿ ಮುಚ್ಚುತ್ತದೆ, ಅಲ್ಲಿಯವರೆಗೆ ಹೊರಗೆ ಜೋತಾಡುತ್ತಿದ್ದ ನಾಲಿಗೆ ಒಳಗೆ ಹೋಗುತ್ತದೆ. ಕಿವಿ ಮುಂದಕ್ಕೆ ಬರುತ್ತದೆ. ಬಾಲ ಮೇಲೇರಿ ಸೆಟೆದುಕೊಳ್ಳುತ್ತದೆ. ಮೈಯ ತೂಕ ನಿಧಾನಕ್ಕೆ ಮುಂಗಾಲಿಗೆ ಇಳಿಯುತ್ತದೆ, ಉಸಿರಾಟ ನಿಂತೇ ಹೋಯಿತೇನೋ ಅನ್ನುವಷ್ಟು ಅಲುಗಾಡದೆ ನಿಲ್ಲುತ್ತಾಳೆ. ಈ ಎರಡು ಮೂರು ಸೆಕೆಂಡಿನೊಳಗೆ ನಾನು ಹೆಸರು ಕರೆದು ದಿಕ್ಕು ಬದಲಿಸಿದರೆ ಬರುತ್ತಾಳೆ. ಅದು ದಾಟಿತು ಅಂದರೆ ನನ್ನ ದನಿ ಅವಳ ಕಿವಿಗೆ ಬೀಳುವುದೇ ಇಲ್ಲ, ಬೆಲ್ಟ್ ಹಿಡಿದ ಕೈಯೇ ಗತಿ.

ಇವೆರಡೂ ಒಂದೇ ನಾಯಿ. ಪಿಟ್ ಬುಲ್ ಪರ ಮಾತಾಡುವವರು ಮೊದಲನೆಯದನ್ನು ಮಾತ್ರ ತೋರಿಸುತ್ತಾರೆ, ವಿರೋಧಿಸುವವರು ಎರಡನೆಯದನ್ನು ಮಾತ್ರ. ನನಗೆ ಎರಡೂ ಕಡೆಯವರ ಮೇಲೆ ಸಿಟ್ಟಿದೆ, ಯಾಕಂದರೆ ಇವರ ಜಗಳದ ನಡುವೆ ಮರಿ ತಂದುಕೊಳ್ಳಬೇಕು ಅಂತಿರುವ ಮನೆಯವರಿಗೆ ಬೇಕಾದ ಮಾತೇ ಸಿಗುವುದಿಲ್ಲ.

ಈ ನಾಯಿ ಹೀಗೆ ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟನ್ನಿನಲ್ಲಿ ಗೂಳಿಯನ್ನೋ ಕರಡಿಯನ್ನೋ ಕಟ್ಟಿಹಾಕಿ ಅದರ ಮೇಲೆ ನಾಯಿ ಛೂ ಬಿಟ್ಟು ನೋಡುವ ಆಟ ಇತ್ತು. 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಜೂಜಿನವರು ನಿಲ್ಲಿಸಲಿಲ್ಲ. ಗೂಳಿ ಬೇಡ, ನಾಯಿಗಳನ್ನೇ ಒಂದರ ಮೇಲೊಂದು ಬಿಡೋಣ ಅಂದುಕೊಂಡರು. ಅದಕ್ಕೆ ದೊಡ್ಡ ಬಯಲು ಬೇಡ, ಯಾರಿಗೂ ಕಾಣದ ಹಾಗೆ ಒಂದು ಗುಂಡಿಯೊಳಗೆ ನಡೆಸಬಹುದು. ಹಿಡಿದರೆ ಬಿಡದ ಹಳೆಯ ಬುಲ್‌ಡಾಗ್ ಮತ್ತು ಚುರುಕಾದ ಟೆರಿಯರ್‌ಗಳನ್ನು ಸೇರಿಸಿ ತಳಿ ಮಾಡಿದರು. ಈ ನಾಯಿಗಳು ವಲಸೆ ಹೋದವರ ಜೊತೆ ಅಮೆರಿಕ ಸೇರಿದವು. ಅಲ್ಲಿ 1898ರಲ್ಲಿ ಚಾನ್ಸಿ ಬೆನೆಟ್ ಎಂಬವರು ಯುನೈಟೆಡ್ ಕೆನಲ್ ಕ್ಲಬ್ ಅನ್ನುವ, ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆ ಶುರು ಮಾಡಿದಾಗ ಮೊದಲು ನೋಂದಾಯಿಸಿದ್ದು ತಮ್ಮದೇ ಅಮೆರಿಕನ್ ಪಿಟ್ ಬುಲ್ ಟೆರಿಯರ್ ನಾಯಿಯನ್ನು. ಇದರ ಹತ್ತಿರದ ನೆಂಟರು ಇನ್ನೂ ಇದ್ದಾರೆ: ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಈಚಿನ ಅಮೆರಿಕನ್ ಬುಲ್ಲಿ. ಜನ ಇವೆಲ್ಲವನ್ನೂ, ಇವುಗಳ ಬೆರಕೆಯನ್ನೂ ಸೇರಿಸಿ ಪಿಟ್ ಬುಲ್ ಅಂತಲೇ ಕರೆಯುತ್ತಾರೆ.

ಕಾಳಗಕ್ಕೆ ಬೇಕಾಗಿದ್ದ ನಾಯಿಗೆ ಎರಡು ಗುಣ ಇರಬೇಕಿತ್ತು. ಇನ್ನೊಂದು ನಾಯಿ ಕಂಡರೆ ಮೇಲೆ ಬೀಳಬೇಕು, ನೋವಾದರೂ ಬಿಡಬಾರದು. ಸಾಮಾನ್ಯ ನಾಯಿಗಳ ಜಗಳ ನೋಡಿದ್ದೀರಲ್ವಾ, ಮುಕ್ಕಾಲು ಪಾಲು ಬರೀ ಸದ್ದು. ಗುರ್ ಅನ್ನುತ್ತವೆ, ಹಲ್ಲು ತೋರಿಸುತ್ತವೆ, ಒಂದು ಬೆನ್ನು ಕೆಳಗೆ ಮಾಡಿ ಮಲಗಿದರೆ ಇನ್ನೊಂದು ಬಿಟ್ಟು ಹೋಗುತ್ತದೆ. ಕಾಳಗದ ನಾಯಿಯಲ್ಲಿ ಈ ರಾಜಿಯನ್ನೇ ಅಳಿಸಲು ನೋಡಿದರು, ಮುನ್ಸೂಚನೆ ಕಡಿಮೆಯಾದಷ್ಟೂ ಅವರಿಗೆ ಒಳ್ಳೆಯದಿತ್ತು. ಹಾಗಂತ ಪ್ರತಿಯೊಂದು ಪಿಟ್ ಬುಲ್ ಹೀಗೇ ಇರುತ್ತದೆ ಅಂತಲ್ಲ, ಎಷ್ಟೋ ನಾಯಿಗಳು ಜೀವನಪೂರ್ತಿ ಬೇರೆ ನಾಯಿಗಳ ಜೊತೆ ಆಟವಾಡಿಕೊಂಡೇ ಇರುತ್ತವೆ. ಆದರೆ ಸಾಧ್ಯತೆ ಜಾಸ್ತಿ.

ಮನುಷ್ಯರ ವಿಷಯಕ್ಕೆ ಬಂದರೆ ಒಂದು ಮಾತು ಪದೇ ಪದೇ ಕೇಳುತ್ತದೆ. ಗುಂಡಿಯೊಳಗೆ ನಾಯಿಯ ಜೊತೆ ಯಜಮಾನನೂ ರೆಫರಿಯೂ ಇರುತ್ತಿದ್ದರು, ಅವರನ್ನು ಕಚ್ಚುವ ನಾಯಿಯನ್ನು ಉಳಿಸಿಕೊಳ್ಳುತ್ತಿರಲಿಲ್ಲ, ಹಾಗಾಗಿ ಈ ತಳಿ ಮನುಷ್ಯರನ್ನು ಕಚ್ಚುವುದೇ ಇಲ್ಲ ಅಂತ. ಇದು ಅರ್ಧ ನಿಜ. ಗೆಲ್ಲುವ ನಾಯಿ ಮನುಷ್ಯರನ್ನು ಕಚ್ಚುತ್ತಿದ್ದರೂ ಅದರಿಂದ ಮರಿ ಮಾಡಿಸಿದವರಿದ್ದರು. ಅದಕ್ಕಿಂತ ಮುಖ್ಯ, ಇವತ್ತು ನಿಮ್ಮ ಕೈಗೆ ಬರುವ ಮರಿಯ ಅಪ್ಪ ಅಮ್ಮನನ್ನು ಯಾರು ಆರಿಸಿದರು, ಯಾವ ಲೆಕ್ಕದಲ್ಲಿ ಆರಿಸಿದರು ಅನ್ನುವುದು ನಿಮಗೆ ಗೊತ್ತಿರುವುದಿಲ್ಲ. ನೂರು ವರ್ಷ ಹಿಂದಿನ ಭರವಸೆಯ ಮೇಲೆ ನಿಮ್ಮ ಮಗುವನ್ನು ಬಿಡಲಾಗುವುದಿಲ್ಲ. ಇದರ ಜೊತೆಗೇ ಬರುವ ಇನ್ನೊಂದು ಕಥೆ, ಹಿಂದಿನ ಕಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳಲೆಂದೇ ಪಿಟ್ ಬುಲ್ ಬಿಡುತ್ತಿದ್ದರು ಅನ್ನುವುದು. ಇದಕ್ಕೆ ಇತಿಹಾಸದ ಆಧಾರ ಇಲ್ಲ. ದವಡೆಗೆ ಬೀಗ ಬೀಳುತ್ತದೆ ಅನ್ನುವುದೂ ಹಾಗೆಯೇ, ಪಿಟ್ ಬುಲ್ ದವಡೆ ಬೇರೆ ನಾಯಿಗಳ ದವಡೆಯಂಥದ್ದೇ. ಬಿಡದಿರುವುದು ಅದರ ಹಟ. ಈ ಕಟ್ಟುಕಥೆಗಳಲ್ಲಿ ಮಕ್ಕಳ ಕಥೆಯೇ ಹೆಚ್ಚು ಅಪಾಯದ್ದು ಅಂತ ನನ್ನ ಅನಿಸಿಕೆ, ಯಾಕಂದರೆ ಅದನ್ನು ನಂಬಿದವರು ಮಗುವನ್ನು ನಾಯಿಯ ಪಕ್ಕ ಬಿಟ್ಟು ಒಳಗೆ ಹೋಗುತ್ತಾರೆ.

ಸಂಶೋಧನೆ ಏನು ಹೇಳುತ್ತದೆ? 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ತೆಗೆದುಕೊಂಡು, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ತಿಳಿಯುವುದು ಶೇ. 9ರಷ್ಟು ಮಾತ್ರ ಅಂತ ಕಂಡರು. ಅಂದರೆ ತಳಿಯ ಹೆಸರು ನೋಡಿ ನಿಮ್ಮ ಮುಂದಿರುವ ನಾಯಿಯ ಸ್ವಭಾವ ಹೇಳಲಾಗುವುದಿಲ್ಲ. ಇದಕ್ಕೂ ಮುಂಚೆ, 2008ರ ಒಂದು ಅಧ್ಯಯನದಲ್ಲಿ ಜನರ ಮೇಲೆ ಸಿಡುಕುವುದರಲ್ಲಿ ಮುಂದಿದ್ದದ್ದು ಡ್ಯಾಶ್‌ಹಂಡ್, ಚಿವಾವಾದಂಥ ಸಣ್ಣ ನಾಯಿಗಳು. ಪಿಟ್ ಬುಲ್ ಎದ್ದು ಕಂಡದ್ದು ಬೇರೆ ನಾಯಿಗಳ ಮೇಲಿನ ಸಿಟ್ಟಿನಲ್ಲಿ.

ಪಿಟ್ ಬುಲ್ ಪ್ರಿಯರು ಇಲ್ಲಿಗೇ ಮಾತು ಮುಗಿಸುತ್ತಾರೆ. ನನಗೆ ಆಗುವುದಿಲ್ಲ. ಚಿವಾವಾ ಹತ್ತು ಸಲ ಕಚ್ಚಿದರೂ ಬ್ಯಾಂಡೇಜ್ ಸುತ್ತಿದರೆ ಸಾಕಾಗಬಹುದು. ಇಪ್ಪತ್ತೈದು ಮೂವತ್ತು ಕಿಲೋ ತೂಕದ, ಬರೀ ಮಾಂಸಖಂಡವೇ ಆದ ನಾಯಿ ಒಂದೇ ಸಲ ಹಿಡಿದು ಅಲುಗಾಡಿಸಿದರೆ ಮುಗಿಯಿತು. ಎಷ್ಟು ಸಲ ಕಚ್ಚುತ್ತದೆ ಅನ್ನುವ ಲೆಕ್ಕ ಒಂದು, ಕಚ್ಚಿದರೆ ಏನಾಗುತ್ತದೆ ಅನ್ನುವ ಲೆಕ್ಕ ಇನ್ನೊಂದು. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಚ್ಚಿ ಆದ ಸಾವುಗಳನ್ನು ನೋಡಿದ ಒಂದು ವರದಿ 2000ದಲ್ಲಿ ಬಂತು. ಅದರಲ್ಲಿ ತಳಿ ದಾಖಲಾಗಿದ್ದ 238 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್ ಬುಲ್ ಬಗೆಯ ನಾಯಿಗಳು ಅಥವಾ ರಾಟ್‌ವೈಲರ್ ಇದ್ದವು. ಒಟ್ಟು ತಳಿಗಳು ಕನಿಷ್ಠ 25. ಇಷ್ಟು ಕೋಟಿ ನಾಯಿಗಳಿರುವ ದೇಶದಲ್ಲಿ 20 ವರ್ಷಕ್ಕೆ ಈ ಸಂಖ್ಯೆ ಚಿಕ್ಕದೇ. ಆದರೂ ಆ ಅರ್ಧದ ಲೆಕ್ಕವನ್ನು ನಾನು ಪಕ್ಕಕ್ಕೆ ತಳ್ಳುವುದಿಲ್ಲ.

ಒಂದು ತೊಡಕಿದೆ. ಕಚ್ಚಿದ ನಾಯಿ ಪಿಟ್ ಬುಲ್ ಅಂತ ಬರೆದವರು ಯಾರು? ಸಾಮಾನ್ಯವಾಗಿ ಕಣ್ಣಿನಲ್ಲಿ ನೋಡಿ ಹೇಳಿದ್ದು. ಫ್ಲೋರಿಡಾ ವಿಶ್ವವಿದ್ಯಾಲಯದವರು 2015ರಲ್ಲಿ ಶೆಲ್ಟರ್‌ಗಳಲ್ಲಿದ್ದ 120 ನಾಯಿಗಳನ್ನು ಅಲ್ಲಿನ ಸಿಬ್ಬಂದಿಗೆ ತೋರಿಸಿ, ಆಮೇಲೆ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಪಿಟ್ ಬುಲ್ ರಕ್ತವೇ ಇಲ್ಲದ ಪ್ರತಿ ಮೂರು ನಾಯಿಗಳಲ್ಲಿ ಒಂದನ್ನು ಒಬ್ಬರಾದರೂ ಪಿಟ್ ಬುಲ್ ಅಂದಿದ್ದರು. ನಿಜವಾಗಿಯೂ ಆ ರಕ್ತ ಇದ್ದ ಪ್ರತಿ ಐದರಲ್ಲಿ ಒಂದನ್ನು ಯಾರೂ ಗುರುತಿಸಲಿಲ್ಲ. ದಿನಾ ನಾಯಿಗಳ ಮಧ್ಯೆಯೇ ಇರುವವರ ಕಥೆ ಇದು, ಇನ್ನು ಉಳಿದವರದ್ದು ಹೇಗಿರಬೇಡ!

ನನ್ನ ಯೋಚನೆಯನ್ನು ಹೆಚ್ಚು ಬದಲಿಸಿದ್ದು 2013ರ ಇನ್ನೊಂದು ಅಧ್ಯಯನ. ಅಮೆರಿಕದಲ್ಲೇ 2000ದಿಂದ 2009ರವರೆಗೆ ನಾಯಿ ಕಚ್ಚಿ ಆದ 256 ಸಾವುಗಳನ್ನು, ಪೊಲೀಸರು ಮತ್ತು ಇತರ ತನಿಖೆಗಾರರನ್ನು ಮಾತಾಡಿಸಿ, ಒಂದೊಂದಾಗಿ ಬಿಡಿಸಿ ನೋಡಿದರು. ತಳಿಯನ್ನು ನಂಬುವ ಹಾಗೆ ಹೇಳಲು ಆದದ್ದು ಐದರಲ್ಲಿ ಒಂದು ಪ್ರಕರಣಕ್ಕಿಂತಲೂ ಕಡಿಮೆ. ಆದರೆ ಬೇರೆ ಸಂಗತಿಗಳು ಮತ್ತೆ ಮತ್ತೆ ಕಂಡವು. ಶೇ. 87ರಲ್ಲಿ ಬಿಡಿಸಬಲ್ಲ ಶಕ್ತಿಯಿರುವ ಯಾರೂ ಹತ್ತಿರ ಇರಲಿಲ್ಲ. ಶೇ. 85ರಲ್ಲಿ ಸತ್ತವರಿಗೆ ಆ ನಾಯಿಯ ಪರಿಚಯ ಇರಲಿಲ್ಲ ಅಥವಾ ಇದ್ದರೂ ಅಷ್ಟಕ್ಕಷ್ಟೆ. ಶೇ. 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ಶೇ. 76ರಲ್ಲಿ ನಾಯಿ ಮನೆಯವರ ಜೊತೆ ಬೆಳೆದದ್ದಲ್ಲ, ಅಂಗಳದಲ್ಲೋ ಚೈನಿನಲ್ಲೋ ಇದ್ದದ್ದು. ಇಂಥ ನಾಲ್ಕು ಅಥವಾ ಹೆಚ್ಚು ಕಾರಣಗಳು ಒಟ್ಟಿಗೆ ಸೇರಿದ್ದು ಶೇ. 80ರಲ್ಲಿ.

ಈ ಕೊನೆಯ ಮಾತನ್ನು ಗಮನಿಸಿ. ಯಾವುದೋ ಒಂದು ಕೆಟ್ಟ ಗಳಿಗೆಯಲ್ಲಿ ನಾಯಿಗೆ ಹುಚ್ಚು ಹಿಡಿಯಿತು ಅನ್ನುವ ಹಾಗಿಲ್ಲ. ಒಂದರ ಮೇಲೊಂದು ತಪ್ಪು ಬಿದ್ದು, ಅದನ್ನು ಯಾರೂ ಸರಿ ಮಾಡದೆ ಇದ್ದಾಗ ಆಗಿದೆ. ಅದರಲ್ಲೂ ನನ್ನನ್ನು ಕಾಡುವುದು ಚೈನಿನ ನಾಯಿ. ಹಿತ್ತಲಲ್ಲಿ ಕಟ್ಟಿಹಾಕಿ, ಎರಡು ಹೊತ್ತು ಊಟ ಹಾಕಿ, ನಾವು ನಾಯಿ ಸಾಕಿದ್ದೇವೆ ಅನ್ನುವವರು ಎಷ್ಟು ಜನ! ಆ ನಾಯಿಗೆ ಗೊತ್ತಿರುವುದು ಚೈನಿನ ಉದ್ದದ ನೆಲ ಮತ್ತು ಆ ನೆಲಕ್ಕೆ ಕಾಲಿಡುವವರ ಮೇಲಿನ ಅನುಮಾನ. ಮಗು ಚೆಂಡು ತರಲು ಆ ಗೆರೆ ದಾಟುತ್ತದೆ. ಪಿಟ್ ಬುಲ್‌ಗಂತೂ ಇದು ದೊಡ್ಡ ಶಿಕ್ಷೆ, ಯಾಕಂದರೆ ಮೈಗೆ ಮೈ ತಾಗಿಸಿಕೊಂಡು ಇರಬೇಕು ಅನ್ನುವ ಪ್ರಾಣಿ ಅದು. ಕಿವಿ ಕತ್ತರಿಸಿ, ದಪ್ಪ ಚೈನು ಹಾಕಿ, ನಾಲ್ಕು ಜನ ಹೆದರಲಿ ಅಂತ ಇದನ್ನು ಸಾಕುವವರ ಬಗ್ಗೆ ನನಗೆ ಒಂದು ಚೂರೂ ಸಹನೆ ಇಲ್ಲ.

ಹಾಗಾದರೆ ನಿಷೇಧ ಮಾಡಿಬಿಟ್ಟರೆ ಮುಗಿಯಿತಲ್ಲ ಅನ್ನುವವರಿದ್ದಾರೆ. ಬ್ರಿಟನ್ 1991ರಲ್ಲೇ ಪಿಟ್ ಬುಲ್ ಟೆರಿಯರ್ ನಿಷೇಧಿಸಿತು, ಎಕ್ಸ್‌ಎಲ್ ಬುಲ್ಲಿ ಅನ್ನುವ ಇನ್ನೂ ದೊಡ್ಡ ನಾಯಿ ಬಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಫೆಬ್ರವರಿಯಿಂದ ಅದಕ್ಕೂ ವಿಶೇಷ ಅನುಮತಿ ಪತ್ರ ಬೇಕಾಯಿತು. ನೆದರ್ಲೆಂಡ್ಸ್ 1993ರಲ್ಲಿ ತಂದ ನಿಷೇಧವನ್ನು, ಕಚ್ಚುವುದು ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಬಿಟ್ಟಿತು. ಅಮೆರಿಕದ ಡೆನ್ವರ್ ನಗರದಲ್ಲಿ 1989ರಿಂದ ಇದ್ದ ನಿಷೇಧವನ್ನು 2020ರಲ್ಲಿ ಜನರೇ ಮತ ಹಾಕಿ ತೆಗೆದರು, ಅದರ ಬದಲಿಗೆ ಪರ್ಮಿಟ್ ಪಡೆದು ಸಾಕುವ ನಿಯಮ ಬಂತು. ಕಾನೂನಿನ ಬಗ್ಗೆ ಇಷ್ಟು ಸಾಕು. ನಿಷೇಧ ಇರಲಿ ಬಿಡಲಿ, ನಿಮ್ಮ ಮನೆಯೊಳಗಿನ ಲೆಕ್ಕ ಬದಲಾಗುವುದಿಲ್ಲ.

ಹುಟ್ಟುಗುಣವೇ ಎಲ್ಲ ಅನ್ನುವವರಿಗೆ ನಾನು ನೆನಪಿಸುವುದು 2007ರ ಘಟನೆಯನ್ನು. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್ ನಾಯಿ ಕಾಳಗ ನಡೆಸಿದ್ದಕ್ಕೆ ಸಿಕ್ಕಿಬಿದ್ದು 23 ತಿಂಗಳ ಶಿಕ್ಷೆ ಪಡೆದರು. ಅವರ ಜಾಗದಲ್ಲಿ ಸಿಕ್ಕಿದ ಸುಮಾರು 50 ಪಿಟ್ ಬುಲ್‌ಗಳನ್ನು ಮೊದಲಿನ ರೂಢಿಯಂತೆ ಎಲ್ಲವನ್ನೂ ಕೊಲ್ಲದೆ, ಒಂದೊಂದನ್ನೇ ಕೂರಿಸಿ ಪರೀಕ್ಷಿಸಿದರು. ಅನೇಕ ನಾಯಿಗಳು ಮನುಷ್ಯರಿಗೆ ಹೆದರಿ ನೆಲಕ್ಕೆ ಅಂಟಿಕೊಂಡಿದ್ದವು, ಮೇಲೆ ಬೀಳುವ ನಾಯಿಗಳು ತೀರಾ ಕಡಿಮೆ. ಕಷ್ಟದ 22 ನಾಯಿಗಳು ಯೂಟಾದ ಬೆಸ್ಟ್ ಫ್ರೆಂಡ್ಸ್ ಆಶ್ರಯಧಾಮಕ್ಕೆ ಹೋದವು. ಎಷ್ಟೋ ನಾಯಿಗಳು ಮುಂದೆ ಮನೆ ಸೇರಿದವು, ಕೆಲವು ಮಕ್ಕಳಿದ್ದ ಮನೆಗಳಿಗೂ ಹೋದವು. ಎಲ್ಲವೂ ಮನೆಗೆ ಹೋಗಲಿಲ್ಲ, ಅದನ್ನೂ ಹೇಳಬೇಕು. ಯಾವ ನಾಯಿ ಯಾವ ಮನೆಗೆ ಅಂತ ತಿಂಗಳುಗಟ್ಟಲೆ ನೋಡಿ ಕಳಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಈಗ ನಮ್ಮ ಮನೆಯ ರೀತಿ ಹೇಳುತ್ತೇನೆ. ಚಿಕ್ಕ ಮಗು ಮತ್ತು ಚಿನ್ನಿ ಒಂದೇ ಕೋಣೆಯಲ್ಲಿ ಇದ್ದರೆ ದೊಡ್ಡವರೊಬ್ಬರು ಅಲ್ಲೇ, ಕೈಗೆಟುಕುವ ದೂರದಲ್ಲಿ ಇರಲೇಬೇಕು. ಫೋನ್ ನೋಡುತ್ತಾ ಕೂತರೆ ಅದು ಲೆಕ್ಕಕ್ಕಿಲ್ಲ. ಸ್ನಾನಕ್ಕೆ ಹೋಗಬೇಕಾ, ಬಾಗಿಲಲ್ಲಿ ಯಾರೋ ಬಂದರಾ, ನಾಯಿ ಅಡ್ಡಗೇಟಿನ ಆಚೆಗೆ ಹೋಗುತ್ತದೆ. ಊಟ ಮಾಡುವಾಗ, ಮಲಗಿರುವಾಗ ಮುಟ್ಟಬಾರದು. ಕುತ್ತಿಗೆಗೆ ಕೈ ಹಾಕಿ ತಬ್ಬಬಾರದು, ಎಷ್ಟೇ ಮುದ್ದು ಅನ್ನಿಸಿದರೂ. ಇದು ಪಿಟ್ ಬುಲ್‌ಗೆ ಮಾತ್ರ ಅಂತಲ್ಲ, ಯಾವ ನಾಯಿಗಾದರೂ ಇಷ್ಟೇ. ಮಕ್ಕಳಿಗೆ ಕಚ್ಚುವುದು ಹೆಚ್ಚಾಗಿ ಗೊತ್ತಿರುವ ನಾಯಿಗಳೇ, ಸಾಮಾನ್ಯವಾಗಿ ಮನೆಯಲ್ಲೇ. ಮತ್ತೆ, ನಾಯಿ ಗುರ್ ಅಂದರೆ ದಯವಿಟ್ಟು ಬೈಯಬೇಡಿ. ನನಗೆ ಹಿಂಸೆಯಾಗುತ್ತಿದೆ ಅಂತ ಅದು ಬಾಯಿಬಿಟ್ಟು ಹೇಳುವ ದಾರಿ ಅದು. ಬೈದು ಬೈದು ಗುರ್ ಅನ್ನುವುದನ್ನು ನಿಲ್ಲಿಸಿದರೆ ಮುಂದೆ ಏನೂ ಹೇಳದೆ ಕಚ್ಚುವ ನಾಯಿಯನ್ನು ನೀವೇ ತಯಾರು ಮಾಡಿದ ಹಾಗೆ. ಅದಕ್ಕೂ ಮುಂಚಿನ ಸೂಚನೆಗಳನ್ನು ಓದಲು ಕಲಿಯಿರಿ: ಮುಖ ಆಚೆ ತಿರುಗಿಸುವುದು, ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು.

ಬೇರೆ ನಾಯಿಗಳ ವಿಷಯದಲ್ಲಿ ಜನ ಮೋಸ ಹೋಗುವುದು ವಯಸ್ಸಿನ ಲೆಕ್ಕದಲ್ಲಿ. ಮರಿಯಾಗಿದ್ದಾಗ ಎಲ್ಲ ನಾಯಿಗಳ ಜೊತೆ ಉರುಳಾಡಿ ಆಡಿದ್ದು ಒಂದರಿಂದ ಮೂರು ವರ್ಷದೊಳಗೆ, ಬಲಿತಾಗ, ಇದ್ದಕ್ಕಿದ್ದ ಹಾಗೆ ಸಹಿಸುವುದನ್ನು ನಿಲ್ಲಿಸಬಹುದು. ಮನೆಯಲ್ಲಿ ಜೊತೆಗೇ ಬೆಳೆದ ನಾಯಿಯನ್ನೂ. ಹಾಗಾಗಿ ಪಿಟ್ ಬುಲ್ ಜೊತೆ ಇನ್ನೊಂದು ನಾಯಿ ಇದ್ದರೆ ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಬೇರೆ ಬೇರೆ ಕೋಣೆಗೆ ಹಾಕುವುದು ಅನುಭವಿಗಳ ರೂಢಿ. ನಮ್ಮ ಬಾಗಿಲ ಪಕ್ಕ ಬೆಲ್ಟ್ ಜೊತೆಗೆ ಒಂದು ಬ್ರೇಕ್ ಸ್ಟಿಕ್ ನೇತಾಡುತ್ತದೆ. ಗೇಣುದ್ದದ, ತುದಿ ಚಪ್ಪಟೆ ಇರುವ ಗಟ್ಟಿ ಪಟ್ಟಿ ಅದು. ಕಚ್ಚಿ ಹಿಡಿದ ಪಿಟ್ ಬುಲ್‌ನ ಬಾಯಿಯನ್ನು, ದವಡೆ ಹಲ್ಲಿನ ಹಿಂದಿನ ಸಂದಿಯಲ್ಲಿ ಇದನ್ನು ತೂರಿಸಿ ತಿರುಗಿಸಿ ಬಿಡಿಸುತ್ತಾರೆ. ಅದನ್ನು ನೋಡಿ ನೆಂಟರು ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಬಳಸುವ ಸಂದರ್ಭ ಬರದಿರಲಿ ಅಂತಲೇ ಇಟ್ಟಿರುವುದು, ಆದರೆ ಇಟ್ಟಿದ್ದೇವೆ. ಕಚ್ಚದ ಹಾಗೆ ಮೂತಿಗೆ ಹಾಕುವ ಮಜಲ್ ಹಾಕಿಕೊಳ್ಳುವುದನ್ನೂ ಚಿನ್ನಿಗೆ ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿದ್ದೇವೆ, ಈಗ ತಾನೇ ಮೂತಿ ತೂರಿಸುತ್ತಾಳೆ.

ನನ್ನ ನೇರ ಅಭಿಪ್ರಾಯ ಹೇಳುವುದಾದರೆ: ಅಂಬೆಗಾಲಿಡುವ ಮಗು ಇದ್ದು, ದೊಡ್ಡವರಿಗೆ ಉಸಿರಾಡಲೂ ಬಿಡುವಿಲ್ಲದ ಮನೆಗೆ ಪಿಟ್ ಬುಲ್ ಬೇಡ. ಬೆಕ್ಕೋ ಸಣ್ಣ ನಾಯಿಯೋ ಈಗಾಗಲೇ ಇದ್ದರೆ ಬೇಡ. ಕಾವಲಿಗೆ ಬೇಕು ಅನ್ನುವವರಿಗೆ ಬೇಡವೇ ಬೇಡ, ಸರಿಯಾಗಿ ಬೆಳೆದ ಪಿಟ್ ಬುಲ್ ಅಪರಿಚಿತರನ್ನೂ ನೆಕ್ಕಿ ಒಳಗೆ ಕರೆದುಕೊಂಡು ಬರುತ್ತದೆ. ಬೆಳೆದ ಮಕ್ಕಳಿದ್ದು, ಅವರು ಹೇಳಿದ ಮಾತು ಕೇಳುವವರಾಗಿದ್ದು, ದಿನಾ ಎರಡು ಹೊತ್ತು ಚೆನ್ನಾಗಿ ನಡೆಸುವ ಒಬ್ಬರು ಇದ್ದು, ಹತ್ತು ಹನ್ನೆರಡು ವರ್ಷ ಬಾಗಿಲು ಹಾಕುವುದನ್ನು ಮರೆಯದ ಮನೆ ನಿಮ್ಮದಾದರೆ ಇಷ್ಟು ಒಡನಾಟದ ನಾಯಿ ಸಿಗುವುದು ಕಷ್ಟ. ಚರ್ಮದ ತುರಿಕೆಗೂ ಮೊಣಕಾಲಿನ ತೊಂದರೆಗೂ ವೆಟ್ ಹತ್ತಿರ ಓಡಾಟ ಇದ್ದೇ ಇರುತ್ತದೆ, ಅದಕ್ಕೂ ತಯಾರಿರಿ.

ತರುವುದೇ ಆದರೆ ಮರಿಗಿಂತ ಎರಡು ಮೂರು ವರ್ಷ ದಾಟಿದ ನಾಯಿಯನ್ನು ತನ್ನಿ ಅನ್ನುತ್ತೇನೆ. ಅಷ್ಟು ಹೊತ್ತಿಗೆ ಸ್ವಭಾವ ಗಟ್ಟಿಯಾಗಿರುತ್ತದೆ, ಮುಂದೆ ಹೇಗಾಗುತ್ತದೋ ಅಂತ ಊಹಿಸುವ ಕೆಲಸ ಕಡಿಮೆ. ಒಂದೇ ಭೇಟಿಯಲ್ಲಿ ಒಪ್ಪಬೇಡಿ. ಮನೆಯವರೆಲ್ಲ ಹೋಗಿ, ಮಕ್ಕಳೂ ಸೇರಿ. ಇದಕ್ಕೆ ಬೇರೆ ನಾಯಿ ಕಂಡರೆ ಏನಾಗುತ್ತದೆ, ತಟ್ಟೆಯ ಹತ್ತಿರ ಹೋದರೆ ಏನು ಮಾಡುತ್ತದೆ, ಯಾರನ್ನಾದರೂ ಕಚ್ಚಿದೆಯಾ, ಮೊದಲ ಮನೆಯವರು ಯಾಕೆ ಬಿಟ್ಟರು ಅಂತ ಬಿಡಿಸಿ ಕೇಳಿ. ಚಿನ್ನಿಯನ್ನು ಕೊಟ್ಟವರು ನಾವು ಕೇಳುವ ಮುಂಚೆಯೇ ಹೇಳಿದ್ದರು, ಬೇರೆ ನಾಯಿ ಇದ್ದರೆ ಇವಳನ್ನು ನಿಮಗೆ ಕೊಡುವುದಿಲ್ಲ ಅಂತ. ನಾವು ನಂಬಿದ್ದು ಆ ಮಾತಿನಿಂದ. ಯಾವ ತೊಂದರೆಯೂ ಇಲ್ಲ, ಬಂಗಾರದಂಥ ನಾಯಿ, ಈಗಲೇ ತೆಗೆದುಕೊಂಡು ಹೋಗಿ ಅಂತ ಯಾರಾದರೂ ಅವಸರ ಮಾಡಿದರೆ ಎಷ್ಟೇ ಮನಸ್ಸಾಗಿದ್ದರೂ ಅವತ್ತು ಬರಿಗೈಯಲ್ಲೇ ಬನ್ನಿ.